ಹಳೆಯ ದೋಣಿ, ಹೊಸ ಯಜಮಾನ

ಮನೆಯನ್ನು ಕೊಳ್ಳುವವನು ಗೋಡೆಯನ್ನು ತಟ್ಟಿ ನೋಡುತ್ತಾನೆ. ಹಳೆಯ ಕಾರನ್ನು ಕೊಳ್ಳುವವನು ಇಂಜಿನಿನ ಸದ್ದಿಗೆ ಕಿವಿಗೊಡುತ್ತಾನೆ. ಆದರೆ ರಾತ್ರಿ ಮಲಗಲು ಮನೆಯೂ ಆಗಬೇಕು, ದ್ವೀಪದಿಂದ ದ್ವೀಪಕ್ಕೆ ಸಂಚರಿಸಲು ವಾಹನವೂ ಆಗಬೇಕು, ಬೆಳಗಾದರೆ ಗಾಳ ಹಾಕಿ ಕುಳಿತುಕೊಳ್ಳಲು ಜಗಲಿಯೂ ಆಗಬೇಕು ಎಂಬ ಆಸೆಯಿಂದ ಹಳೆಯ ಮೋಟಾರು ದೋಣಿಯೊಂದನ್ನು ಕೊಳ್ಳಹೊರಟವನು ಏನನ್ನು ತಟ್ಟಿ ನೋಡಬೇಕು? ಯಾವುದಕ್ಕೆ ಕಿವಿಗೊಡಬೇಕು?

ನಮ್ಮ ಮಧ್ಯಮ ವರ್ಗದ ಸಂಸಾರಗಳಲ್ಲಿ ಈ ಪ್ರಶ್ನೆ ಏಳುವುದು ಅಪರೂಪ. ಅಮೆರಿಕದ ವಾಯವ್ಯ ಮೂಲೆಯ ಸಿಯಾಟಲ್ ನಗರದಲ್ಲಾದರೋ ಸಾಮಾನ್ಯ ಗೃಹಸ್ಥರೂ ಇದನ್ನು ಊಟದ ಮೇಜಿನ ಮುಂದೆ ಕುಳಿತು ಚರ್ಚಿಸುವುದುಂಟು. ಕಂಪ್ಯೂಟರ್ ಉದ್ಯಮವನ್ನು ಆಶ್ರಯಿಸಿ ಅಲ್ಲಿಗೆ ಹೋಗಿ ನೆಲೆಸಿದ ಕನ್ನಡಿಗರೂ ಇದ್ದಾರೆ. ನಮ್ಮ ವಾಚಕರಲ್ಲಿ ಕೆಲವರ ಮಕ್ಕಳೋ ಅಳಿಯಂದಿರೋ ಅವರಲ್ಲಿರಬಹುದು. ಆದ್ದರಿಂದ ಈ ವಿಷಯ ನಮಗೆ ತೀರ ದೂರದ್ದೆಂದು ತಳ್ಳಿಹಾಕುವಂತಿಲ್ಲ.

ಸಿಯಾಟಲ್ ನಗರದ ಒಂದು ಮಗ್ಗುಲಿಗೆ ಸಿಹಿನೀರಿನ ಸರೋವರಗಳು. ಇನ್ನೊಂದು ಮಗ್ಗುಲಿಗೆ ಪ್ಯೂಜೆಟ್ ಸೌಂಡ್ ಎಂಬ ಸಮುದ್ರದ ತೋಳು. 1917ರಲ್ಲಿ ಪ್ರಾರಂಭವಾದ ಬ್ಯಾಲಾರ್ಡ್ ಜಲದ್ವಾರಗಳು ಇವೆರಡನ್ನೂ ಜೋಡಿಸಿವೆ. ಅಲ್ಲಿಂದ ಉತ್ತರಕ್ಕೆ ಹೊರಟರೆ ಸ್ಯಾನ್ ವಾನ್ ದ್ವೀಪಗಳು, ಆಮೇಲೆ ಕೆನಡಾದ ತೀರ, ಅದರಾಚೆ ಅಲಾಸ್ಕ. ಬಹುಪಾಲು ದಾರಿಯಲ್ಲಿ ದ್ವೀಪಗಳ ಸಾಲು ಮಹಾಸಾಗರದ ಅಲೆಗಳಿಗೆ ಅಡ್ಡವಾಗಿ ನಿಂತಿರುವುದರಿಂದ ಸಾಧಾರಣ ಗಾತ್ರದ ದೋಣಿಯೂ ಈ ಯಾತ್ರೆಯನ್ನು ಕೈಗೊಳ್ಳಬಹುದು. ಸಾಲ್ಮನ್, ಹ್ಯಾಲಿಬಟ್ ಮೊದಲಾದ ಮೀನುಗಳಿಗೂ ಡಂಜನೆಸ್ ಏಡಿಗೂ ಆ ನೀರು ಪ್ರಸಿದ್ಧವಾಗಿದೆ.

ಹತ್ತೊಂಬತ್ತು ಇಪ್ಪತ್ತು ಅಡಿಯ ಪುಟ್ಟ ದೋಣಿಯಲ್ಲಿ ಬೆಳಗ್ಗೆ ಹೋಗಿ ಸಂಜೆಗೆ ಮರಳುವ ಅಭ್ಯಾಸವಾದ ಮೇಲೆ, ಮಡದಿ ಮಕ್ಕಳೊಡನೆ ನಾಲ್ಕು ದಿನ ನೀರಿನ ಮೇಲೆಯೇ ಇರಬೇಕೆಂಬ ಹಂಬಲ ಹುಟ್ಟುವುದು ಸಹಜ. ಮೂವತ್ತೈದು ಅಡಿಯ ಹೊಸ ದೋಣಿಯ ಬೆಲೆ ಮನೆಯ ಬೆಲೆಗೆ ಪೈಪೋಟಿ ನೀಡುತ್ತದೆ. ಆದ್ದರಿಂದ ದೃಷ್ಟಿ ಹಳೆಯ ದೋಣಿಗಳ ಕಡೆಗೆ ಹೊರಳುತ್ತದೆ.

ನೀರಿನ ಸ್ವಭಾವ

ದೋಣಿಯನ್ನು ನೋಡುವ ಮುನ್ನ ಅದು ತೇಲಬೇಕಾದ ನೀರನ್ನು ಅರಿಯಬೇಕು. ಪ್ಯೂಜೆಟ್ ಸೌಂಡಿನ ನೀರು ನಡುಬೇಸಿಗೆಯಲ್ಲೂ ಸುಮಾರು 12 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿರುತ್ತದೆ. ಆಯ ತಪ್ಪಿ ಬಿದ್ದವನಿಗೆ ಮೊದಲ ನಿಮಿಷದಲ್ಲಿ ಉಸಿರು ಸಿಕ್ಕಿಕೊಳ್ಳುತ್ತದೆ. ಸ್ವಲ್ಪ ಹೊತ್ತಿನಲ್ಲೇ ಕೈಕಾಲುಗಳು ಸ್ವಾಧೀನ ತಪ್ಪುತ್ತವೆ. ಎಂತಹ ಈಜುಗಾರನಿಗೂ ಇದರಿಂದ ವಿನಾಯಿತಿಯಿಲ್ಲ.

ಇದರ ಜೊತೆಗೆ ಉಬ್ಬರವಿಳಿತಗಳ ಸೆಳೆತ. ವ್ಯಾಂಕೂವರ್ ದ್ವೀಪದ ಪಕ್ಕದ ಸೀಮೂರ್ ಇಕ್ಕಟ್ಟಿನಲ್ಲಿ ನೀರು 15 ನಾಟ್ ವೇಗದವರೆಗೆ ಹರಿಯುತ್ತದೆ. ಒಂದು ನಾಟ್ ಎಂದರೆ ಗಂಟೆಗೆ 1.85 ಕಿಲೋಮೀಟರ್. ಆ ಇಕ್ಕಟ್ಟಿನ ನಡುವೆ ನೀರಿನೊಳಗೆ ಅಡಗಿದ್ದ ‘ರಿಪಲ್ ರಾಕ್’ ಎಂಬ ಬಂಡೆ ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತ್ತು. 1958ರ ಏಪ್ರಿಲ್ 5ರಂದು ಕೆನಡಾದವರು ಸಮುದ್ರದ ಅಡಿಯಲ್ಲಿ ಸುರಂಗ ಕೊರೆದು, 1,300 ಟನ್ನಿಗೂ ಹೆಚ್ಚು ಸಿಡಿಮದ್ದನ್ನು ತುಂಬಿ ಅದರ ತಲೆಯನ್ನು ಹಾರಿಸಿದರು. ಬಂಡೆ ಹೋಯಿತು, ಸೆಳೆತ ಉಳಿಯಿತು. ಇಂತಹ ಜಾಗದಲ್ಲಿ ಇಂಜಿನ್ ನಿಂತುಹೋದರೆ ಏನಾಗಬಹುದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಳೆಯ ದೋಣಿಯ ಆಯ್ಕೆಯಲ್ಲಿ ಕೇವಲ ಹಣವಲ್ಲ, ಹೆಂಡತಿ ಮಕ್ಕಳ ಪ್ರಾಣವೂ ಪಣವಾಗಿ ನಿಂತಿರುತ್ತದೆ.

ಎತ್ತು ಏರಿಗೆ, ಕೋಣ ನೀರಿಗೆ

ಮೀನು ಹಿಡಿಯುವುದು, ವಿಹಾರಯಾತ್ರೆ ಮಾಡುವುದು: ಇವೆರಡೂ ಒಂದೇ ದೋಣಿಯಲ್ಲಿ ಆಗಬೇಕೆಂದು ಬಯಸುವವನ ಪಾಡು ಎತ್ತು ಏರಿಗೆಳೆದು ಕೋಣ ನೀರಿಗೆಳೆದಂತೆ. ಮೀನುಗಾರನಿಗೆ ಹಿಂಬದಿಯಲ್ಲಿ ತೆರೆದ, ನೀರಿಗೆ ಸಮೀಪವಾದ ಅಂಗಳ ಬೇಕು. ಯಾತ್ರಿಕನಿಗೆ ಅದೇ ಜಾಗದಲ್ಲಿ ಮಲಗುವ ಕೋಣೆ ಬೇಕು. ಮೀನು ಕಚ್ಚುವ ಹೊತ್ತಿಗೆ ಬೇಗನೆ ಹೋಗಿ ಸೇರಬೇಕೆಂಬ ಆತುರ ಒಬ್ಬನದು; ಮೆಲ್ಲಗೆ ಹೋದರೂ ಸರಿ, ಎಣ್ಣೆಯ ಖರ್ಚು ಕಡಿಮೆಯಾಗಲಿ ಎಂಬ ಲೆಕ್ಕ ಇನ್ನೊಬ್ಬನದು.

ಇಲ್ಲಿ ದೋಣಿಯ ತಳದ ಆಕಾರವೇ ತೀರ್ಪುಗಾರ. ನೀರನ್ನು ಸೀಳಿಕೊಂಡು ಹೋಗುವ ಭಾರವಾದ ಒಡಲಿಗೆ ಪ್ರಕೃತಿಯೇ ಒಂದು ವೇಗಮಿತಿಯನ್ನು ಹಾಕಿದೆ. ನೀರಿಗೆ ತಾಗುವ ಉದ್ದವನ್ನು ಅಡಿಗಳಲ್ಲಿ ಅಳೆದು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಆ ಮಿತಿ ನಾಟ್‌ಗಳಲ್ಲಿ ದೊರೆಯುತ್ತದೆ. ಉದ್ದ 36 ಅಡಿಯಾದರೆ ಮಿತಿ 8 ನಾಟ್. ಅದರಾಚೆ ಎಷ್ಟು ಎಣ್ಣೆ ಸುರಿದರೂ ಹೆಚ್ಚಿನ ಪ್ರಯೋಜನವಿಲ್ಲ. ನೀರಿನ ಮೇಲೆ ಎದ್ದು ಜಾರುವ ಒಡಲಿಗೆ ಈ ಕಟ್ಟು ಇಲ್ಲ. ಆದರೆ ಚಪ್ಪಟೆ ತಳದ ವೇಗದ ದೋಣಿ ಅಲೆಗಳ ಮೇಲೆ ದಡಬಡನೆ ಬಡಿಯುತ್ತದೆ. ರೇ ಹಂಟ್ ಎಂಬ ವಿನ್ಯಾಸಕಾರ ತಳವನ್ನು ಆಳವಾದ ‘ವಿ’ ಅಕ್ಷರದಂತೆ ರೂಪಿಸಿ ಈ ತೊಂದರೆಗೆ ಪರಿಹಾರ ಕಂಡನು. 1960ರಲ್ಲಿ ಮಯಾಮಿಯಿಂದ ಬಹಾಮಾ ದ್ವೀಪಗಳ ನಸ್ಸಾವಿಗೆ ನಡೆದ ಸ್ಪರ್ಧೆಯಲ್ಲಿ, ಕೆರಳಿದ ಸಮುದ್ರದ ಮೇಲೆ, ಆ ಬಗೆಯ ‘ಮಾಪಿ’ ಎಂಬ 31 ಅಡಿಯ ದೋಣಿ ಗೆದ್ದು ಲೋಕವನ್ನು ಬೆರಗುಗೊಳಿಸಿತು. ಅದರಿಂದ ಹುಟ್ಟಿದ ಬರ್ಟ್ರಾಮ್ ದೋಣಿಗಳನ್ನು ಗಾಳದವರು ಇಂದಿಗೂ ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ.

ವೇಗಕ್ಕೆ ತೆರಬೇಕಾದ ಬೆಲೆಯನ್ನು ಲೆಕ್ಕ ಹಾಕಿ ನೋಡೋಣ. ಸಿಯಾಟಲ್‌ನಿಂದ ಅಲಾಸ್ಕದ ಕೆಚಿಕನ್ ಊರಿಗೆ ಸುಮಾರು 650 ನಾಟಿಕಲ್ ಮೈಲಿ. ಒಂದೇ ಡೀಸೆಲ್ ಇಂಜಿನಿನ 36 ಅಡಿಯ ದೋಣಿ 7 ನಾಟ್ ವೇಗದಲ್ಲಿ ಗಂಟೆಗೆ ಸುಮಾರು 8 ಲೀಟರ್ ಕುಡಿಯುತ್ತದೆ. ಅದೇ ಗಾತ್ರದ, ಎರಡು ಪೆಟ್ರೋಲ್ ಇಂಜಿನುಗಳ ವೇಗದ ದೋಣಿ 20 ನಾಟ್‌ನಲ್ಲಿ ಗಂಟೆಗೆ 100 ಲೀಟರಿಗೂ ಮಿಗಿಲಾಗಿ ಕುಡಿಯಬಲ್ಲದು. ಮೊದಲನೆಯದಕ್ಕೆ 93 ಗಂಟೆಗಳ ಪಯಣ, 750 ಲೀಟರ್. ಎರಡನೆಯದಕ್ಕೆ 33 ಗಂಟೆ, 3,200 ಲೀಟರಿಗೂ ಹೆಚ್ಚು. ಅಲ್ಲದೆ ಸಾಲ್ಮನ್ ಮೀನಿಗಾಗಿ ಗಾಳವನ್ನು ಎಳೆದುಕೊಂಡು ಹೋಗಬೇಕಾದದ್ದು ಎರಡು ಮೂರು ನಾಟ್‌ಗಳಲ್ಲಿ ಮಾತ್ರ. ಬಲಶಾಲಿಯಾದ ಜೋಡಿ ಇಂಜಿನು ಅಷ್ಟು ಮೆಲ್ಲಗೆ ನಡೆಯಬಲ್ಲುದೆ ಎಂಬುದನ್ನೂ ಕೇಳಿಕೊಳ್ಳಬೇಕು.

ಒಬ್ಬನೇ ತಯಾರಕನ ದೋಣಿಗಳಲ್ಲೂ ಭೇದವುಂಟು. 1960ರ ದಶಕದಲ್ಲಿ ಹಾಂಗ್‌ಕಾಂಗ್‌ನಲ್ಲಿ ತಯಾರಾಗತೊಡಗಿದ ಗ್ರ್ಯಾಂಡ್ ಬ್ಯಾಂಕ್ಸ್ ದೋಣಿಗಳು ಆ ತೀರದಲ್ಲಿ ಬಹು ಜನಪ್ರಿಯ. ಅವುಗಳ ‘ಕ್ಲಾಸಿಕ್’ ಮಾದರಿಯಲ್ಲಿ ಹಿಂಬದಿಗೆ ಮಲಗುವ ಕೋಣೆಯಿದೆ. ಸಂಸಾರಕ್ಕೆ ಸುಖ, ಗಾಳಕ್ಕೆ ಇಕ್ಕಟ್ಟು. ‘ಯೂರೋಪಾ’ ಮಾದರಿಯಲ್ಲಿ ಹಿಂದೆ ಮಾಡು ಹೊದಿಸಿದ ಅಂಗಳವಿದೆ. ಗಾಳಕ್ಕೆ ಅನುಕೂಲ, ಕೋಣೆಗೆ ಕೊರತೆ. ವರ್ಷದ ರಜಾದಿನಗಳಲ್ಲಿ ಎಷ್ಟನ್ನು ಮೀನಿಗೂ ಎಷ್ಟನ್ನು ಯಾತ್ರೆಗೂ ಮೀಸಲಿಡುವೆವೆಂದು ಗಂಡಹೆಂಡಿರು ಮೊದಲೇ ಕಾಗದದ ಮೇಲೆ ಬರೆದುಕೊಂಡರೆ ಅರ್ಧ ಆಯ್ಕೆ ಮುಗಿದಂತೆಯೇ.

ಬೆಳ್ಳಗಿರುವುದೆಲ್ಲ ಹಾಲಲ್ಲ

ಮಾರಾಟಕ್ಕೆ ನಿಂತ ದೋಣಿ ಮದುವಣಗಿತ್ತಿಯಂತೆ ಸಿಂಗರಿಸಿಕೊಂಡಿರುತ್ತದೆ. ಹೊಸ ಬಣ್ಣ, ಹೊಸ ಪರದೆ, ಮೆರುಗೆಣ್ಣೆ ಬಳಿದ ಮರ. ಬಲ್ಲವನು ಇವುಗಳ ಮುಂದೆ ನಿಲ್ಲದೆ ನೆಲಹಲಗೆಯನ್ನು ಎತ್ತಿ ತಳವನ್ನು ನೋಡುತ್ತಾನೆ. ಅಲ್ಲಿ ನಿಂತ ನೀರು, ಎಣ್ಣೆಯ ಪಸೆ, ತುಕ್ಕು ಹಿಡಿದ ಪಟ್ಟಿಗಳು, ಬಾಯಿ ಬಿರಿದ ರಬ್ಬರು ಕೊಳವೆಗಳು ಇದ್ದರೆ ಹಳೆಯ ಯಜಮಾನನ ನಡತೆ ತಾನಾಗಿಯೇ ತಿಳಿದುಬರುತ್ತದೆ.

ಅಷ್ಟಕ್ಕೇ ತೃಪ್ತಿಪಡದೆ ದೋಣಿಯನ್ನು ನೀರಿನಿಂದ ಮೇಲಕ್ಕೆತ್ತಿಸಿ, ಸ್ವತಂತ್ರ ಪರೀಕ್ಷಕನಿಂದ ತಪಾಸಣೆ ಮಾಡಿಸುವುದು ಅಲ್ಲಿನ ರೂಢಿ. ಸಂತೆಯಲ್ಲಿ ಮಡಕೆ ಕೊಳ್ಳುವ ಗೃಹಿಣಿ ಬೆರಳಿನಿಂದ ತಟ್ಟಿ ನೋಡುವಂತೆ, ಪರೀಕ್ಷಕನು ಪುಟ್ಟ ಸುತ್ತಿಗೆಯಿಂದ ಒಡಲನ್ನು ಗೇಣುಗೇಣಿಗೂ ತಟ್ಟುತ್ತಾ ಹೋಗುತ್ತಾನೆ. ಗಟ್ಟಿಯಾದ ಫೈಬರ್ ಗ್ಲಾಸ್ ಖಣಿಲನೆ ನುಡಿಯುತ್ತದೆ. ಪದರ ಬಿಟ್ಟದ್ದು, ಒಳಗಿನ ಮರ ಕೊಳೆತದ್ದು ಮಂಕಾಗಿ ನುಡಿಯುತ್ತದೆ. ತೇವವನ್ನು ಅಳೆಯುವ ಉಪಕರಣವೂ ಅವನ ಕೈಯಲ್ಲಿರುತ್ತದೆ. ತಳದಲ್ಲಿ ಅಲ್ಲೊಂದು ಇಲ್ಲೊಂದು ಗುಳ್ಳೆ ಕಂಡರೆ ಗಾಬರಿಪಡಬೇಕಾಗಿಲ್ಲ. ಮೈತುಂಬ ಗುಳ್ಳೆಗಳಿದ್ದರೆ ರಿಪೇರಿಗೆ ದೊಡ್ಡ ಮೊತ್ತವೇ ಬೇಕು.

ತಳವನ್ನು ತೂರಿ ಹೋಗುವ ಕೊಳವೆಗಳಿಗೆ ಹಾಕಿದ ನಲ್ಲಿಗಳು ಇನ್ನೂ ಮುಖ್ಯ. ಉಪ್ಪುನೀರಿನಲ್ಲಿ ಸತುವನ್ನು ಕಳೆದುಕೊಂಡ ಹಿತ್ತಾಳೆ ಗುಲಾಬಿ ಬಣ್ಣಕ್ಕೆ ತಿರುಗಿ ಹಪ್ಪಳದಂತೆ ಮುರಿಯುತ್ತದೆ. ಅಂತಹ ಒಂದು ನಲ್ಲಿ ಕೈಗೆ ಬಂದರೆ ದೋಣಿಯೇ ಮುಳುಗಬಹುದು. ಆದ್ದರಿಂದ ಪ್ರತಿಯೊಂದನ್ನೂ ತಿರುಗಿಸಿ ನೋಡಬೇಕು.

ಹಳೆಯ ಗ್ರ್ಯಾಂಡ್ ಬ್ಯಾಂಕ್ಸ್ ದೋಣಿಗಳ ತೇಗದ ಹಾಸು ಕಣ್ಣಿಗೆ ಬಹು ಚೆನ್ನ. ಆದರೆ ಹಲಗೆಗಳನ್ನು ಬಿಗಿದ ಲೆಕ್ಕವಿಲ್ಲದ ತಿರುಪುಗಳ ರಂಧ್ರಗಳಿಂದ ಮಳೆಯ ನೀರು ಇಳಿಯುತ್ತದೆ; ಮೊದಲು ಹಾಸಿನ ಒಳಪದರ ಕೊಳೆಯುತ್ತದೆ, ಆಮೇಲೆ ಕೆಳಗಿರುವ ಕಬ್ಬಿಣದ ಡೀಸೆಲ್ ತೊಟ್ಟಿ ಹೊರಗಿನಿಂದ ತುಕ್ಕು ಹಿಡಿಯುತ್ತದೆ. ಆ ತೊಟ್ಟಿಯನ್ನು ಹೊರಕ್ಕೆ ತೆಗೆಯಲು ಕೆಲವು ವೇಳೆ ಇಂಜಿನನ್ನೇ ಕಳಚಬೇಕಾಗುತ್ತದೆ. ಅಂದದ ಹಾಸಿನ ಕೆಳಗೆ ಹೀಗೆ ಸಾವಿರಾರು ಡಾಲರಿನ ಖರ್ಚು ಅಡಗಿರಬಹುದು.

ಇಂಜಿನಿನ ನಾಡಿ

ದೋಣಿಯ ಇಂಜಿನಿನ ವಯಸ್ಸನ್ನು ಮೈಲಿಗಳಲ್ಲಲ್ಲ, ಗಂಟೆಗಳಲ್ಲಿ ಎಣಿಸುತ್ತಾರೆ. ಗಂಟೆ ಕಡಿಮೆಯಾದಷ್ಟೂ ಒಳ್ಳೆಯದೆಂದು ತಿಳಿಯುವುದು ಸರಿಯಲ್ಲ. ವರ್ಷಗಟ್ಟಲೆ ಓಡದೆ ನಿಂತ ಇಂಜಿನು ಒಳಗೊಳಗೇ ತುಕ್ಕು ಹಿಡಿಯುತ್ತದೆ. ಹದವಾಗಿ ಓಡಿ, ಕಾಲಕಾಲಕ್ಕೆ ಎಣ್ಣೆ ಬದಲಿಸಿಕೊಂಡ ಡೀಸೆಲ್ ಇಂಜಿನು ಸಾವಿರಾರು ಗಂಟೆ ಬಾಳುತ್ತದೆ. ಹಳೆಯ ಫೋರ್ಡ್ ಲೇಮನ್ 120 ಅಶ್ವಶಕ್ತಿಯ ಇಂಜಿನುಗಳು ಇದಕ್ಕೆ ನಿದರ್ಶನ.

ಪರೀಕ್ಷೆಯ ದಿನ ಇಂಜಿನು ತಣ್ಣಗಿರಬೇಕೆಂದು ಮೊದಲೇ ತಿಳಿಸಿ, ಹೋದೊಡನೆ ಅದರ ಮೇಲೆ ಕೈಯಿಟ್ಟು ನೋಡಬೇಕು. ಬೆಚ್ಚಗಿದ್ದರೆ, ತಣ್ಣಗಿರುವಾಗ ಏಳಲು ಅದು ತಕರಾರು ಮಾಡುವುದೇನೋ ಎಂಬ ಸಂದೇಹಕ್ಕೆ ಎಡೆಯಾಗುತ್ತದೆ. ನೀಲಿ ಹೊಗೆ ಎಣ್ಣೆ ಉರಿಯುತ್ತಿರುವುದರ ಗುರುತು. ನಿಲ್ಲದ ಕಪ್ಪು ಹೊಗೆ ಅತಿಭಾರದ ಅಥವಾ ಗಾಳಿ ಸಾಲದಿರುವುದರ ಗುರುತು. ಪೂರ್ಣ ವೇಗದಲ್ಲಿ ಕೆಲವು ನಿಮಿಷ ಓಡಿಸಿ ಉಷ್ಣತೆ ಏರುವುದೇ ಎಂದು ನೋಡಬೇಕು. ಎಣ್ಣೆಯ ಮಾದರಿಯನ್ನು ಪ್ರಯೋಗಶಾಲೆಗೆ ಕಳುಹಿಸಿದರೆ, ವೈದ್ಯರಿಗೆ ರಕ್ತಪರೀಕ್ಷೆ ಹೇಳುವಂತೆ, ಒಳಗಿನ ಸವೆತವನ್ನು ಅದು ಹೇಳುತ್ತದೆ.

ಪೆಟ್ರೋಲ್ ಇಂಜಿನಾದರೆ ಇನ್ನೂ ಹೆಚ್ಚಿನ ಎಚ್ಚರ ಅಗತ್ಯ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದ್ದರಿಂದ ತಳದಲ್ಲಿ ಶೇಖರವಾಗುತ್ತದೆ. ಒಂದು ಕಿಡಿ ಸಾಕು. ಹೊರಡುವ ಮುನ್ನ ನಾಲ್ಕು ನಿಮಿಷ ಬೀಸುಗಾಳಿಯ ಯಂತ್ರವನ್ನು ನಡೆಸಬೇಕೆಂಬ ಎಚ್ಚರಿಕೆಯ ಫಲಕವನ್ನು ಅಂತಹ ದೋಣಿಗಳಲ್ಲಿ ಕಾಣಬಹುದು. ವಾಸನೆಯಿಲ್ಲದ ವಿಷವಾಯುವನ್ನು ಗುರುತಿಸುವ ಗಂಟೆ ಮಲಗುವ ಕೋಣೆಯಲ್ಲಿ ಇರಲೇಬೇಕು.

ಇನ್ನೊಂದು ಪರೀಕ್ಷೆ ಯಜಮಾನತಿಯದು. ದೋಣಿಯ ಉದ್ದ ಒಂದೂವರೆ ಪಟ್ಟಾದರೆ ತೂಕ ಮೂರು ಪಟ್ಟನ್ನೂ ಮೀರುತ್ತದೆ. ಪುಟ್ಟ ದೋಣಿಯನ್ನು ಕಾಲಿನಿಂದ ತಳ್ಳಿ ನಿಲ್ಲಿಸಿದಂತೆ ಇದನ್ನು ನಿಲ್ಲಿಸಲಾಗದು. ಗಂಡನೇ ನೀರಿಗೆ ಬಿದ್ದರೆ ದೋಣಿಯನ್ನು ತಿರುಗಿಸಿ ತಂದು ಅವನನ್ನು ಎತ್ತಿಕೊಳ್ಳಬೇಕಾದವಳು ಅವಳು. ಆದ್ದರಿಂದ ಪರೀಕ್ಷೆಯ ಪಯಣದಲ್ಲಿ ಅರ್ಧ ಹೊತ್ತು ಚುಕ್ಕಾಣಿ ಅವಳ ಕೈಯಲ್ಲಿರಲಿ. ಅವಳಿಗೆ ಒಗ್ಗದ ದೋಣಿ ಆ ಮನೆಗೆ ತಕ್ಕ ದೋಣಿಯಲ್ಲ.

ಬೆಲೆ ಬೇರೆ, ವೆಚ್ಚ ಬೇರೆ

ಆನೆಯನ್ನು ಕೊಳ್ಳುವುದು ಸುಲಭ, ಸಾಕುವುದು ಕಷ್ಟ. ಕೊಂಡ ಬೆಲೆಯ ಹತ್ತನೆಯ ಒಂದು ಭಾಗ ವರ್ಷವರ್ಷವೂ ಖರ್ಚಾಗುತ್ತದೆಂಬುದು ಅಲ್ಲಿನ ಸ್ಥೂಲವಾದ ಲೆಕ್ಕ; ಅಗ್ಗಕ್ಕೆ ಸಿಕ್ಕ ಹಳೆಯ ದೋಣಿಗೆ ಅದೂ ಸಾಲದು. ಕಟ್ಟುವ ಜಾಗದ ಬಾಡಿಗೆಯನ್ನು ಅಡಿಯ ಲೆಕ್ಕದಲ್ಲಿ ತೆರಬೇಕು. ವಿಮೆ ಬೇರೆ. ಹಳೆಯ ಯಜಮಾನನು ಉಳಿಸಿದ ಸಾಲ, ರಿಪೇರಿಯ ಬಾಕಿ ದೋಣಿಯ ಬೆನ್ನಿಗೇ ಅಂಟಿಕೊಂಡು ಬರಬಹುದಾದ್ದರಿಂದ ಕಾಗದಪತ್ರಗಳನ್ನು ಶೋಧಿಸದೆ ಹಣ ಕೊಡಲಾಗದು.

ಹಳೆಯ ಮರದ ದೋಣಿ ಎಷ್ಟನ್ನು ಬೇಡಬಲ್ಲುದೆಂಬುದಕ್ಕೆ ‘ವೆಸ್ಟರ್ನ್ ಫ್ಲೈಯರ್’ ಸಾಕ್ಷಿ. 1937ರಲ್ಲಿ ಟಕೋಮಾದಲ್ಲಿ ಕಟ್ಟಿದ ಈ ಮೀನುದೋಣಿಯಲ್ಲಿ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ 1940ರಲ್ಲಿ ಕ್ಯಾಲಿಫೋರ್ನಿಯಾ ಕೊಲ್ಲಿಗೆ ಯಾತ್ರೆ ಹೋಗಿದ್ದನು. ಕಾಲಾಂತರದಲ್ಲಿ ಅದು ಕಟ್ಟಿದ ಜಾಗದಲ್ಲೇ ಮುಳುಗಿತು. 2015ರಲ್ಲಿ ಅದನ್ನು ಕೊಂಡು ಪೋರ್ಟ್ ಟೌನ್‌ಸೆಂಡ್‌ನಲ್ಲಿ ದುರಸ್ತಿ ಮಾಡಿಸಿದರು. ಒಡಲಿನ ಬಹುಭಾಗ ಮರವನ್ನೇ ಬದಲಿಸಿ ಮತ್ತೆ ನೀರಿಗಿಳಿಸುವ ವೇಳೆಗೆ 2022 ಬಂದಿತ್ತು. ಅದು ಐತಿಹಾಸಿಕ ದೋಣಿ, ಅದಕ್ಕೆ ಅಷ್ಟು ಮಾಡಿದ್ದು ಸಾರ್ಥಕ. ಸಂಬಳದ ಮನುಷ್ಯನು ಮಾತ್ರ ಅಂತಹ ವ್ರತವನ್ನು ಹಿಡಿಯಬಾರದು.

ಆದಕಾರಣ ಕೈಯಲ್ಲಿರುವ ಹಣವನ್ನೆಲ್ಲ ಬೆಲೆಗೇ ಸುರಿಯದೆ ಒಂದು ಪಾಲನ್ನು ಮೊದಲ ವರ್ಷದ ರಿಪೇರಿಗೆ ಎತ್ತಿಡುವುದು ವಿವೇಕ. ನಲವತ್ತು ಅಡಿಯ ಸೊರಗಿದ ದೋಣಿಗಿಂತ ಮೂವತ್ತೆರಡು ಅಡಿಯ ಆರೋಗ್ಯವಂತ ದೋಣಿ ಮೇಲು.

ಬೆಲೆಯ ಹತ್ತನೆಯ ಒಂದು ಭಾಗವನ್ನು ಮುಂಗಡವಾಗಿ ಕೊಟ್ಟು, ‘ತಪಾಸಣೆಯೂ ನೀರಿನ ಮೇಲಿನ ಪರೀಕ್ಷೆಯೂ ತೃಪ್ತಿಕರವಾದರೆ ಮಾತ್ರ’ ಎಂಬ ಷರತ್ತನ್ನು ಬರೆಸಿಕೊಳ್ಳುವುದು ಅಲ್ಲಿನ ವಾಡಿಕೆ. ಗೊತ್ತಾದ ದಿನದೊಳಗೆ ಬೇಡವೆಂದು ತಿಳಿಸಿದರೆ ಮುಂಗಡ ಹಿಂದಿರುಗುತ್ತದೆ. ತಪಾಸಣೆಯ ಖರ್ಚು ಮಾತ್ರ ಹೋಗುತ್ತದೆ. ಎಷ್ಟೋ ಜನ ಆ ಅಲ್ಪ ಹಣ ವ್ಯರ್ಥವಾಯಿತಲ್ಲಾ ಎಂಬ ಸಂಕಟಕ್ಕೆ ಸಿಕ್ಕಿ, ಮಕ್ಕಳು ಆಗಲೇ ತಮ್ಮ ತಮ್ಮ ಹಾಸಿಗೆಗಳನ್ನು ಆರಿಸಿಕೊಂಡುಬಿಟ್ಟರಲ್ಲಾ ಎಂಬ ದಾಕ್ಷಿಣ್ಯಕ್ಕೆ ಒಳಗಾಗಿ, ಕೆಟ್ಟ ದೋಣಿಗೆ ಸಹಿ ಹಾಕುತ್ತಾರೆ. ಪರೀಕ್ಷಕನ ವರದಿಯನ್ನು ಓದಿ, ಮಡಿಸಿ ಜೇಬಿನಲ್ಲಿಟ್ಟು, ವಂದನೆ ಹೇಳಿ ಮನೆಗೆ ಮರಳಿದವನು ನಷ್ಟ ಮಾಡಿಕೊಂಡವನಲ್ಲ. ಬಂದರಿನಲ್ಲಿ ಮಾರಾಟಕ್ಕೆ ನಿಂತ ದೋಣಿಗಳು ಇನ್ನೂ ಬೇಕಾದಷ್ಟಿವೆ. ಸಾಲ್ಮನ್ ಮೀನು ಮುಂದಿನ ವರ್ಷವೂ ಬರುತ್ತದೆ.