ನೌಬತ್ ಪಹಾಡದ ದೈತ್ಯೋರಗ

ಹೈದರಾಬಾದಿನ ನೌಬತ್ ಪಹಾಡದ ಮೇಲಿರುವ ಬಿರ್ಲಾ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ 2000ದಿಂದ ಡೈನೊಸಾರಿನ ಅಸ್ಥಿಪಂಜರವೊಂದು ನಿಂತಿದೆ. ಕಲಬುರ್ಗಿ, ಬೀದರಗಳಿಂದ ಬಂದ ನೆಂಟರಿಗೆ ಅದನ್ನು ತೋರಿಸದ ಕನ್ನಡ ಕುಟುಂಬಗಳು ಈ ನಗರದಲ್ಲಿ ವಿರಳವೇ ಇರಬೇಕು. ನೋಡಿದವರು ಅದನ್ನು ಒಂದೇ ಪ್ರಾಣಿಯ ಎಲುಬುಗೂಡೆಂದು ಭಾವಿಸುವುದು ಸಹಜ, ವಸ್ತುಸ್ಥಿತಿ ಹಾಗಿಲ್ಲ.

ಕೋಟಾಸಾರಸ್ ಯಮನ್‌ಪಲ್ಲಿಯೆನ್ಸಿಸ್ ಎಂಬ ಅದರ ನಾಮಧೇಯದಲ್ಲಿ ಎರಡು ಹಳ್ಳಿಗಳು ಅಡಗಿವೆ. ಪ್ರಾಣಹಿತಾ ನದಿಯ ದಡದ ಕೋಟಾ ಗ್ರಾಮದ ಶಿಲೆಗಳನ್ನು 19ನೆಯ ಶತಮಾನದ ಮಧ್ಯಭಾಗದಲ್ಲಿ ಶೋಧಿಸಿದವರು ವಾಕರ್ ಮತ್ತು ಬೆಲ್ ಎಂಬ ವೈದ್ಯರು. ಅರಸಿದ್ದು ಕಲ್ಲಿದ್ದಲನ್ನು, ದೊರೆತದ್ದು ಕಲ್ಲಾದ ಮೀನು! ಅದಕ್ಕೆ 1851ರಲ್ಲಿ ಈಜರ್ಟನ್ ಎಂಬ ಆಂಗ್ಲ ವಿದ್ವಾಂಸನು ನಮ್ಮ ದಖ್ಖನಿನ ಹೆಸರನ್ನೇ ಇಟ್ಟನು. ಓವೆನ್ ಪಂಡಿತನು ‘ಡೈನೊಸಾರ್’ ಕುಲಕ್ಕೆ ನಾಮಕರಣ ಮಾಡಿ ಆಗಲೇ ಒಂಬತ್ತು ವರ್ಷಗಳಾಗಿದ್ದುವು. ಆದರೂ ಅದೇ ಸ್ತರಗಳಲ್ಲಿ ಹುದುಗಿದ್ದ ದೈತ್ಯೋರಗಗಳು ಇನ್ನೂ ಒಂದು ಶತಮಾನ ಕಾಯಬೇಕಾಯಿತು. 1958ರಿಂದ ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ವಿದ್ವಾಂಸರು ಸಿರೋಂಚಾ ಪ್ರದೇಶದಲ್ಲಿ ಅಗೆದು ತೆಗೆದ ಬರಪಾಸಾರಸ್ 1975ರಲ್ಲಿ ಲೋಕಕ್ಕೆ ಪರಿಚಿತವಾಯಿತು. ಬಂಗಾಳಿಯಲ್ಲಿ ‘ಬರ ಪಾ’ ಎಂದರೆ ದೊಡ್ಡ ಕಾಲು.

ಹಿಂದಿನ ಆದಿಲಾಬಾದ್ ಜಿಲ್ಲೆಯ ಯಾಮನಪಲ್ಲಿಯ ಬಳಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯವರು 1970ರ ದಶಕದಲ್ಲಿ ಕಂಡದ್ದು ಇನ್ನೂ ವಿಚಿತ್ರವಾದುದು. ಸುಮಾರು 2,400 ಚದರ ಮೀಟರ್ ನೆಲದಲ್ಲಿ 840ರಷ್ಟು ಎಲುಬುಗಳು ಚೆದರಿ ಬಿದ್ದಿದ್ದುವು. ಒಂದೇ ಪಕ್ಕದ ಒಂದೇ ಎಲುಬು ಎಷ್ಟು ಸಲ ದೊರೆಯುತ್ತದೆಂದು ಎಣಿಸುವುದು ಇಂತಹ ಕಡೆ ಪ್ರಾಣಿಗಳ ಲೆಕ್ಕಕ್ಕೆ ರೂಢಿಯ ದಾರಿ. ಇಲ್ಲಿದ್ದುವು ಕನಿಷ್ಠ ಹನ್ನೆರಡು. ಹಿಂಡೊಂದು ನೆರೆಗೆ ಸಿಕ್ಕಿ ಸತ್ತಿರಬಹುದೆಂಬ ಊಹೆಯೂ ಇದೆ. ಯಾದಗಿರಿಯವರು 1988ರಲ್ಲಿ ಇದು ಹೊಸ ಪ್ರಭೇದವೆಂದು ಪ್ರಕಟಿಸಿದಾಗ ಆ ಹೆಸರಿಗೆ ಆಧಾರವಾಗಿ ನಿಲ್ಲಿಸಿದ್ದು ಸೊಂಟದ ಒಂದು ಮೂಳೆಯನ್ನು ಮಾತ್ರ. ಜೋಡಿಸಿದಾಗ ಅದು ಸುಮಾರು ಒಂಬತ್ತು ಮೀಟರ್ ಉದ್ದದ, ನಾಲ್ಕು ಕಾಲಿನ ಸಸ್ಯಾಹಾರಿಯಾಯಿತು.

ಹೀಗೆ ಹಲವು ಜೀವಿಗಳ ಎಲುಬುಗಳಿಂದ ಒಂದು ದೇಹವನ್ನು ಕಟ್ಟಿದ್ದು ಮೋಸವಲ್ಲ. ಅಂಗರಚನಾಶಾಸ್ತ್ರ ಅದಕ್ಕೆ ಅನುಮತಿ ಕೊಡುತ್ತದೆ. ಆದರೆ ನೋಡುವವನಿಗೆ ಅದು ತಿಳಿದಿರಬೇಕು. ಮುಖ್ಯವಾಗಿ ತಲೆಯ ವಿಷಯದಲ್ಲಿ. ಯಾಮನಪಲ್ಲಿಯ ಅಷ್ಟು ರಾಶಿಯಲ್ಲಿ ತಲೆಬುರುಡೆ ಒಂದೂ ಸಿಕ್ಕಲಿಲ್ಲ. ಸಿಕ್ಕಿದ್ದು ಎರಡು ಹಲ್ಲು.