ಮೆಣಸಿನಕಾಯಿಯ ಪಾಠ: ಪರಿಸರ ಅಧ್ಯಯನದಲ್ಲಿ ಜಾಗತಿಕ ದೃಷ್ಟಿ

ಶಾಲೆಯ ಸಮಾಜ ವಿಜ್ಞಾನ ಹಾಗೂ ಪರಿಸರ ಅಧ್ಯಯನಗಳಲ್ಲಿ ಜಾಗತಿಕ ದೃಷ್ಟಿಯನ್ನು ಬೆಳೆಸುವುದೆಂದರೆ ಖಂಡಗಳ, ರಾಜಧಾನಿಗಳ ಹೆಸರನ್ನು ಬಾಯಿಪಾಠ ಮಾಡಿಸುವುದಲ್ಲ. ಕಲಿಕೆಯನ್ನು ಶಾಲೆಯ ಹೊರಗಿನ ಬದುಕಿನೊಂದಿಗೆ ಬೆಸೆಯಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸೂಚಿಸಿತು. ಈ ಆಶಯವನ್ನು ಕಾರ್ಯರೂಪಕ್ಕೆ ತರಲು ಜನಪದರ ಅಡುಗೆಮನೆಯೇ ಸಮರ್ಥ ಆಕರವಾಗಬಲ್ಲದು.

ಮೆಣಸಿನಕಾಯಿಯನ್ನೇ ಗಮನಿಸಬಹುದು. ಅದರ ತವರು ಅಮೆರಿಕ ಖಂಡ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಯ ತೀರವನ್ನು ಮುಟ್ಟಿದ ನಂತರ, ಪೋರ್ಚುಗೀಸರ ವ್ಯಾಪಾರದ ಮೂಲಕ ಅದು ಪಶ್ಚಿಮ ಕರಾವಳಿಗೆ ಬಂದಿತು. ಅವರನ್ನು ಇಲ್ಲಿಗೆ ಸೆಳೆದದ್ದಾದರೋ ಇಲ್ಲಿಯ ಕಾಳುಮೆಣಸು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಅವರು ‘ಮೆಣಸಿನ ರಾಣಿ’ ಎಂದೇ ಕರೆದರು. ಕನ್ನಡಿಗರು ಹೊಸ ಕಾಯಿಗೆ ತಮಗೆ ಪರಿಚಿತವಾದ ಖಾರದ ಹೆಸರನ್ನೇ ಇಟ್ಟರು, ಅದು ಮೆಣಸಿನಕಾಯಿಯಾಯಿತು. ಹೀಗೆ ಒಂದು ಪದವೇ ಎರಡು ಖಂಡಗಳ ಸಂಬಂಧವನ್ನು ಕಾಪಾಡಿಕೊಂಡು ಬಂದಿದೆ. 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿ ಇಂದು ಕರ್ನಾಟಕದ ಗುರುತೇ ಆಗಿದೆ.

ಮನೆಯ ಸಾರಿಗೆ ಬೀಳುವ ಪದಾರ್ಥಗಳನ್ನು ಅಜ್ಜಿಯಿಂದ ಕೇಳಿ ಪಟ್ಟಿಮಾಡಿ, ಅವುಗಳ ಮೂಲವನ್ನು ಭೂಪಟದಲ್ಲಿ ಗುರುತಿಸುವಂತೆ ಮಕ್ಕಳಿಗೆ ಹೇಳಬಹುದು. ಟೊಮೆಟೊ ಅಮೆರಿಕದತ್ತ ಒಯ್ಯುತ್ತದೆ, ಹುಣಸೆ ಆಫ್ರಿಕದತ್ತ.

ಆದರೆ ಸರಕಿನ ಕಥೆಗೆ ನಿಂತ ಪಾಠ ಅರ್ಧ ಪಾಠವೇ ಸರಿ. ಪೋರ್ಚುಗೀಸ್ ಹಡಗುಗಳಲ್ಲಿ ಮನುಷ್ಯರನ್ನೂ ಸರಕಾಗಿ ಸಾಗಿಸಲಾಯಿತು. ಗುಲಾಮರಾಗಿ ಗೋವೆಗೆ ತರಲ್ಪಟ್ಟ ಆಫ್ರಿಕನ್ನರಲ್ಲಿ ಅನೇಕರು ತಪ್ಪಿಸಿಕೊಂಡು ಘಟ್ಟದ ಕಾಡುಗಳನ್ನು ಸೇರಿದರು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಮುಂತಾದ ತಾಲ್ಲೂಕುಗಳ ಸಿದ್ದಿಗಳ ಪೂರ್ವಿಕರಲ್ಲಿ ಇಂಥವರೂ ಸೇರಿದ್ದಾರೆ. 2003ರಲ್ಲಿ ಈ ಸಮುದಾಯ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿತು.

ಆಫ್ರಿಕವೆಂದರೆ ಕಾಡು ಮತ್ತು ಬಡತನವೆಂದಷ್ಟೇ ಕಲಿಸುವ ತರಗತಿಯಲ್ಲಿ ಸಿದ್ದಿ ಮಗು ತನ್ನ ಊರಿನಲ್ಲಿಯೇ ಪರಕೀಯವಾಗುತ್ತದೆ; ಉಳಿದ ಮಕ್ಕಳು ಆ ತಾತ್ಸಾರವನ್ನು ಜ್ಞಾನವೆಂದೇ ಭಾವಿಸುತ್ತಾರೆ. ಗುಲಾಮಗಿರಿಯ ನೋವನ್ನು ಆ ಮಗುವಿನ ಬಾಯಿಂದ ಹೇಳಿಸಬಾರದು. ಇತಿಹಾಸದ ಭಾಗವಾಗಿ ಶಿಕ್ಷಕರೇ ಅದನ್ನು ವಿವರಿಸಬೇಕು. ಸಿದ್ದಿಗಳ ಡಮಾಮಿ ವಾದ್ಯದ ಕುಣಿತವನ್ನು ಶಾಲಾ ವಾರ್ಷಿಕೋತ್ಸವದ ಮನರಂಜನೆಗೆ ಮಾತ್ರ ಮೀಸಲಿಡದೆ, ಹಿರಿಯ ಕಲಾವಿದರನ್ನು ತರಗತಿಗೆ ಕರೆಸಿ ಅದರ ಸಂದರ್ಭ, ಅರ್ಥಗಳನ್ನು ಕೇಳಿ ತಿಳಿಯಬೇಕು.

ಜಗತ್ತು ದೂರದಲ್ಲೆಲ್ಲೋ ಇರುವುದಲ್ಲ. ಅದು ಊಟದ ತಟ್ಟೆಯಲ್ಲಿಯೂ ಪಕ್ಕದ ಮಣೆಯಲ್ಲಿಯೂ ಕುಳಿತಿದೆ. ಇದನ್ನು ಮಕ್ಕಳಿಗೆ ಕಾಣಿಸುವುದೇ ಜಾಗತಿಕ ದೃಷ್ಟಿಯ ಶಿಕ್ಷಣ.