ಎರಸಮಾದ ಜನ ಹೇಳಿಕೊಂಡ ಕಥೆ

1999ರ ಅಕ್ಟೋಬರ್ 29ರಂದು ಒಡಿಶಾದ ಪಾರಾದೀಪದ ಸಮೀಪದಲ್ಲಿ ನೆಲವನ್ನು ಮುಟ್ಟಿದ ಮಹಾಚಂಡಮಾರುತವು, ಗಂಟೆಗೆ ಸುಮಾರು 260 ಕಿಲೋಮೀಟರ್ ವೇಗದ ಗಾಳಿಯಿಂದ ಸಮುದ್ರವನ್ನೇ ಐದಾರು ಮೀಟರ್ ಎತ್ತರಕ್ಕೆ ಎಬ್ಬಿಸಿ ಕರಾವಳಿಯ ಎರಸಮಾ ಪ್ರದೇಶದ ಹಳ್ಳಿಗಳ ಮೇಲೆ ನೂಕಿದಾಗ, ಸರಕಾರದ ಗಣನೆಯಂತೆಯೇ ರಾಜ್ಯದಲ್ಲಿ 9,800ಕ್ಕೂ ಮಿಕ್ಕಿ ಜನರು ಅಸುನೀಗಿದರು.

ಆದರೆ ಬದುಕುಳಿದವರು ಕಲೆತು ಕುಳಿತಾಗ ಅವರ ನಾಲಗೆಗೆ ಬರುವುದು ಬಿರುಗಾಳಿಯ ಆರ್ಭಟಕ್ಕಿಂತ ಮಿಗಿಲಾಗಿ ಅನಂತರದ ದಿನಗಳ ನಿಶ್ಶಬ್ದ. ಉಪ್ಪುನೀರು ತುಂಬಿದ ಬಾವಿಗಳು, ಕದಿರೊಡೆದಿದ್ದ ಭತ್ತದ ಗದ್ದೆಗಳಲ್ಲಿ ಕೊಳೆಯುತ್ತಿದ್ದ ದನಗಳ ಕಳೇಬರಗಳು, ಉರುಳಿದ ಮರಗಳಿಂದ ಮುಚ್ಚಿಹೋದ ದಾರಿಗಳು, ದಾಹಕ್ಕೆ ಎಳನೀರಲ್ಲದೆ ಬೇರೆ ಗತಿಯಿಲ್ಲದ ಮಕ್ಕಳು: ಇವನ್ನು ಒಬ್ಬರು ಹೇಳತೊಡಗಿದರೆ ಮತ್ತೊಬ್ಬರು ಮುಂದುವರಿಸುವರು, ತನ್ನೊಬ್ಬನದೇ ಎಂದು ಎದೆಯಲ್ಲಿ ಹುದುಗಿಸಿಟ್ಟ ಶೋಕವು ಊರಿನ ಶೋಕವಾಗಿ ತುಸು ಹಗುರವಾಗುವುದು. ಇಂತಹ ಮಾತುಕತೆಯು ಅಕ್ಕಿಬಟ್ಟೆಗಳಷ್ಟೇ ಆವಶ್ಯಕವಾದ ಪರಿಹಾರವೆಂದು ನಾನು ನಂಬುತ್ತೇನೆ.

ಅದರಿಂದ ಜ್ಞಾನವೂ ಲಭಿಸುತ್ತದೆ. ಕಡಲಿಗೂ ಊರಿಗೂ ನಡುವೆ ಕಾಂಡ್ಲಾವನ ದಟ್ಟವಾಗಿದ್ದಲ್ಲಿ ಅಲೆಯ ವೇಗ ಕುಗ್ಗಿತೆಂಬ ಅನುಭವದ ಮಾತನ್ನು, ಕೇಂದ್ರಪಾಡಾ ಜಿಲ್ಲೆಯ ಹಳ್ಳಿಗಳನ್ನು ಪರಿಶೀಲಿಸಿದ ವಿದ್ವಾಂಸರು ಅನಂತರ ಸಮರ್ಥಿಸಿದರು. ಅಂತಹ ಹಳ್ಳಿಗಳಲ್ಲಿ ಸಾವು ಕಡಿಮೆಯಾಗಿದ್ದಿತು.

ಆ ದುರಂತದ ಬಳಿಕ ಒಡಿಶಾ ವಿಪತ್ತು ನಿರ್ವಹಣೆಗೆಂದೇ ಪ್ರತ್ಯೇಕ ಸಂಸ್ಥೆಯನ್ನು ಸ್ಥಾಪಿಸಿತು. ಕರಾವಳಿಯುದ್ದಕ್ಕೂ ಆಶ್ರಯಭವನಗಳು ಎದ್ದವು. 2013ರ ಅಕ್ಟೋಬರಿನಲ್ಲಿ ಫೈಲಿನ್ ಚಂಡಮಾರುತ ಗೋಪಾಲಪುರದ ಬಳಿ ಅಪ್ಪಳಿಸುವ ಮುನ್ನ ಸುಮಾರು ಹತ್ತು ಲಕ್ಷ ಜನ ಸುರಕ್ಷಿತ ಸ್ಥಳಗಳನ್ನು ಸೇರಿದ್ದರು. ಸತ್ತವರ ಸಂಖ್ಯೆ ನೂರನ್ನು ಮುಟ್ಟಲಿಲ್ಲ.